ಪದಚರ್ಚೆ: ‘ಸುಲಿಗೆ’ ಯಾವ ಅಪರಾಧಕ್ಕೆ? ‘ಸೇನಾ ಪೊಲೀಸ್’ ಯಾರಿಗೆ?

ಎಲ್ಲರಿಗೂ ನಮಸ್ಕಾರ.

ಅಪರಾಧ ಕಾನೂನಿನ ಮೊದಲ ಪಾಠಗಳನ್ನು ಕನ್ನಡದಲ್ಲಿ ಬರೆಯುವ ಕೆಲಸಕ್ಕೆ ಕೈ ಹಾಕಿದ್ದೇನೆ. ಕೊಲೆ, ಕಳವು, ವಂಚನೆ ಇವುಗಳವರೆಗೆ ಪದಗಳು ತಾವಾಗಿ ಬಂದವು. ‘ಎಕ್ಸ್‌ಟಾರ್ಷನ್’ (ಹೆದರಿಸಿ ಹಣವನ್ನೋ ವಸ್ತುವನ್ನೋ ಕೊಡಿಸಿಕೊಳ್ಳುವುದು) ಹತ್ತಿರ ಬರವಣಿಗೆ ನಿಂತಿದೆ. ಪತ್ರಿಕೆಗಳಲ್ಲಿ ಅದಕ್ಕೆ ‘ಸುಲಿಗೆ’ ಎಂದಿರುತ್ತದೆ. ‘ರಾಬರಿ’ಗೂ, ಅಂದರೆ ಎದುರಿಗೇ ನಿಂತು ಬಲವಂತದಿಂದ ದೋಚುವುದಕ್ಕೂ, ಅದೇ ಸುಲಿಗೆ. ಠಾಣೆಯ ಮಾತಿನಲ್ಲಂತೂ ‘ಕಳವು, ಸುಲಿಗೆ, ಡಕಾಯಿತಿ’ ಎಂದು ಒಂದೇ ಉಸಿರಿಗೆ ಹೇಳಿದರೆ ನಡುವಿನದು ರಾಬರಿಯೇ. ಸುದ್ದಿಯಲ್ಲಿ ಇದು ನಡೆದೀತು. ಕಾನೂನಿನಲ್ಲಿ ಎರಡಕ್ಕೂ ಬೇರೆ ಬೇರೆ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303, ಎಕ್ಸ್‌ಟಾರ್ಷನ್ 308, ರಾಬರಿ 309, ಐದು ಅಥವಾ ಹೆಚ್ಚು ಜನ ಸೇರಿ ಮಾಡಿದರೆ ಡಕಾಯಿತಿ, ಅದು 310. ಹಳೆಯ ದಂಡ ಸಂಹಿತೆಯ 383, 390, 391 ಓದಿ ಬೆಳೆದವರಿಗೆ ಅಂಕಿ ಬದಲಾಗಿದೆ, ವ್ಯಾಖ್ಯೆ ಹೆಚ್ಚು ಬದಲಾಗಿಲ್ಲ.

ವ್ಯತ್ಯಾಸ ಇರುವುದು ವಸ್ತು ಕೈ ಬದಲಾಯಿಸುವ ರೀತಿಯಲ್ಲಿ. ಕಳವಿನಲ್ಲಿ ಒಡೆಯನ ಒಪ್ಪಿಗೆಯೇ ಇರುವುದಿಲ್ಲ. ಎಕ್ಸ್‌ಟಾರ್ಷನ್‌ನಲ್ಲಿ ಅವನೇ ತನ್ನ ಕೈಯಾರೆ ಕೊಡುತ್ತಾನೆ, ಕೊಡುವಂತೆ ಮಾಡಿದ್ದು ಮಾತ್ರ ಹೆದರಿಕೆ. ಆ ಹೆದರಿಕೆ ತನ್ನ ಬಗ್ಗೆಯೇ ಇರಬೇಕೆಂದಿಲ್ಲ, ಬೇರೆಯವರಿಗೆ ಕೇಡಾದೀತೆಂಬ ಭಯವೂ ಸಾಕು. ಕೊಡುವುದು ಹಣವೇ ಆಗಬೇಕೆಂದೂ ಇಲ್ಲ. ‘ಮಾನಹಾನಿಯ ಬರಹ ಪ್ರಕಟಿಸುತ್ತೇನೆ’ ಎಂದು ದುಡ್ಡು ಕೇಳುವುದು ಕಾನೂನೇ ಕೊಡುವ ಒಂದು ಉದಾಹರಣೆ. ಇನ್ನೊಂದರಲ್ಲಿ, ತೀವ್ರ ಗಾಯದ ಭಯ ಹುಟ್ಟಿಸಿ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಅಲ್ಲಿ ಒಂದು ಬಿಡಿಗಾಸೂ ಕೈ ಬದಲಾಯಿಸಿಲ್ಲ, ಅಪರಾಧ ಮಾತ್ರ ಪೂರ್ತಿಯಾಗಿದೆ.

ಎಕ್ಸ್‌ಟಾರ್ಷನ್ ರಾಬರಿಯಾಗುವ ಹೊತ್ತು ಒಂದಿದೆ. ಅದಕ್ಕೆ ಕೊಟ್ಟಿರುವ ಜೋಡಿ ಉದಾಹರಣೆ ನನಗೆ ಬಲು ಇಷ್ಟ. ದಾರಿಯಲ್ಲಿ ಎದುರಾದವನು ಮಗುವನ್ನು ಎತ್ತಿಕೊಂಡು ‘ಹಣದ ಚೀಲ ಕೊಡು, ಇಲ್ಲವಾದರೆ ಪ್ರಪಾತಕ್ಕೆ ಎಸೆಯುತ್ತೇನೆ’ ಎನ್ನುತ್ತಾನೆ. ಅಪ್ಪ ಅಲ್ಲೇ ಚೀಲ ಕೊಡುತ್ತಾನೆ. ಇದು ರಾಬರಿ. ‘ನಿನ್ನ ಮಗು ನಮ್ಮವರ ಕೈಯಲ್ಲಿದೆ, ಹತ್ತು ಸಾವಿರ ರೂಪಾಯಿ ಕಳಿಸದಿದ್ದರೆ ಕೊಲ್ಲುತ್ತಾರೆ’ ಎಂದು ಹೇಳಿ ಪಡೆದರೆ ಅದು ಎಕ್ಸ್‌ಟಾರ್ಷನ್. ಮಗು ಈ ಕ್ಷಣವೇ ಸಾಯುತ್ತದೆಂಬ ಭಯ ಇಲ್ಲದಿದ್ದರೆ ರಾಬರಿ ಆಗುವುದಿಲ್ಲ. ಎರಡಕ್ಕೂ ‘ಸುಲಿಗೆ’ ಎಂದು ಬರೆದರೆ ಈ ಪಾಠ ಹೇಳುವುದಾದರೂ ಹೇಗೆ? ‘ಸುಲಿಗೆಯು ಯಾವಾಗ ಸುಲಿಗೆಯಾಗುತ್ತದೆ’ ಎಂಬ ತಲೆಬರಹ ಕೊಡಬೇಕಾದೀತು!

ಆಡುಮಾತಿನಲ್ಲಿ ಪದಗಳಿಗೇನೂ ಬರ ಇಲ್ಲ. ‘ಹಫ್ತಾ’ ಇದೆ, ಆದರೆ ಅದು ಕಂತು ಕಂತಾಗಿ ಕೊಡುವುದಕ್ಕೇ ಒಗ್ಗುತ್ತದೆ. ‘ರೋಲ್‌ಕಾಲ್’ ಅರ್ಥಕ್ಕೆ ಸರಿ, ಪಠ್ಯದಲ್ಲಿ ಹಾಕಿದರೆ ಹಾಜರಿ ಕರೆಯುತ್ತಿದ್ದಾರೆ ಎಂದುಕೊಳ್ಳುವವರೇ ಹೆಚ್ಚು. ‘ಪೀಕು’ ಚೆಂದದ ಪದ, ಅದರ ಕಷ್ಟ ಬೇರೆ: ‘ಅವನು ದುಡ್ಡು ಪೀಕುತ್ತಾನೆ’ ಎಂದರೆ ಕಿತ್ತುಕೊಳ್ಳುವವನು, ‘ಅವನು ದುಡ್ಡು ಪೀಕಬೇಕಾಯಿತು’ ಎಂದರೆ ಕಳೆದುಕೊಂಡವನು. ಆರೋಪಿ ಯಾರು, ಫಿರ್ಯಾದಿ ಯಾರು ಎಂಬುದೇ ಗೊತ್ತಾಗದ ಪದವನ್ನು ಕಾನೂನಿನ ಪಾಠಕ್ಕೆ ತರುವುದು ಹೇಗೆ? ‘ಬೆದರಿಸಿ ವಸೂಲಿ’ ಸದ್ಯಕ್ಕೆ ನನ್ನ ಕರಡಿನಲ್ಲಿದೆ. ರಾಬರಿಗೆ ‘ಸುಲಿಗೆ’ಯನ್ನೇ ಉಳಿಸಿಕೊಂಡಿದ್ದೇನೆ, ಠಾಣೆಯ ರೂಢಿಯೂ ಅದೇ ಆದ್ದರಿಂದ. ‘ವಸೂಲಿ’ಯಲ್ಲಿ ಎರಡು ತೊಡಕುಗಳಿವೆ. ಸಾಲ ವಸೂಲಿ, ಕಂದಾಯ ವಸೂಲಿ ಎಂದು ನ್ಯಾಯವಾಗಿ ಬರಬೇಕಾದ ಹಣಕ್ಕೂ ಅದನ್ನೇ ಹೇಳುತ್ತೇವೆ. ಮೇಲಾಗಿ ಖಾಲಿ ಕಾಗದದ ಸಹಿಯನ್ನು ಯಾರೂ ‘ವಸೂಲಿ’ ಮಾಡುವುದಿಲ್ಲ. ಕ್ರಿಯಾಪದವಾಗಿ ‘ಬೆದರಿಸಿ ಕೊಡಿಸಿಕೊಳ್ಳು’ ವ್ಯಾಖ್ಯೆಗೆ ಹತ್ತಿರ ಬರುತ್ತದೆ, ನಾಮಪದ ಮಾಡಲು ಹೋದರೆ ನಾಲಿಗೆ ತೊಡರುತ್ತದೆ.

‘ಸುಲಿಗೆ ಯತ್ನ’ ಎಂಬ ಪತ್ರಿಕಾ ಪ್ರಯೋಗವೂ ಕೈಕೊಡುತ್ತದೆ. ಹಣ ಸಿಗದಿದ್ದರೂ, ಅದಕ್ಕಾಗಿ ಭಯ ಹುಟ್ಟಿಸುವುದೇ 308ರಲ್ಲಿ ಪ್ರತ್ಯೇಕ ಅಪರಾಧ, 2 ವರ್ಷದವರೆಗೆ ಸೆರೆ. ಭಯಕ್ಕೆ ಬಿದ್ದವನು ಕೊಟ್ಟುಬಿಟ್ಟರೆ 7 ವರ್ಷದವರೆಗೆ. ಹಾಗೆ ಕೊಡಿಸಿದ ಭಯ ಸಾವಿನದೋ ತೀವ್ರ ಗಾಯದ್ದೋ ಆಗಿದ್ದರೆ 10.

ಎರಡನೆಯ ಪ್ರಶ್ನೆ ‘ಮಿಲಿಟರಿ ಪೊಲೀಸ್’. ಸೈನಿಕನೇ ಹೀಗೆ ಹಣ ಕಿತ್ತರೆ ಏನಾಗುತ್ತದೆ ಎಂದು ಬರೆಯುವಾಗ ಇದು ಎದುರಾಯಿತು. 1950ರ ಸೇನಾ ಕಾಯ್ದೆಯ 53ನೇ ಕಲಂ ಎಕ್ಸ್‌ಟಾರ್ಷನ್‌ನ ಜೊತೆಗೆ, ಅಧಿಕಾರವಿಲ್ಲದೆ ಯಾರಿಂದಲಾದರೂ ಹಣ, ದಿನಸಿ ಅಥವಾ ಚಾಕರಿ ಪಡೆಯುವುದನ್ನೂ ಸೇರಿಸಿಕೊಳ್ಳುತ್ತದೆ. ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯ ನ್ಯಾಯಾಲಯದಲ್ಲಿ, 10 ವರ್ಷದವರೆಗೆ ಶಿಕ್ಷೆ. ‘ಚಾಕರಿ’ ಇಲ್ಲಿ ಹೇಳಿ ಮಾಡಿಸಿದ ಪದ, ‘ಸೇವೆ’ ಎಂದರೆ ಮಣ್ಣುಪಾಲು.

ಅಂಥ ಸೈನಿಕನನ್ನು ಹಿಡಿಯುವವರನ್ನು ‘ಸೇನಾ ಪೊಲೀಸ್’ ಎಂದರೆ ಓದುಗರು ‘ಸೈನ್ಯದಷ್ಟು ಬಲವಿರುವ ಪೊಲೀಸರು’ ಎಂದು ತಿಳಿಯುತ್ತಾರೆ. ಈ ಗೊಂದಲಕ್ಕೆ ಕಾರಣವೂ ಇದೆ. ಬಿಹಾರದ ಸಶಸ್ತ್ರ ಪೊಲೀಸ್ ಪಡೆಗೆ 2021ರವರೆಗೆ ‘ಬಿಹಾರ ಮಿಲಿಟರಿ ಪೊಲೀಸ್’ ಎಂದೇ ಹೆಸರಿತ್ತು. ಬ್ರೆಜಿಲ್‌ನ ಮಿಲಿಟರಿ ಪೊಲೀಸರು ಬೀದಿಯಲ್ಲಿ ಗಸ್ತು ತಿರುಗುವ ರಾಜ್ಯ ಪೊಲೀಸರು. ನಮ್ಮ ಸೇನೆಯ ಕೆಂಪು ಟೋಪಿಯ ಮಿಲಿಟರಿ ಪೊಲೀಸರು ಸೈನ್ಯದೊಳಗಿನ ಪೊಲೀಸರು. ಸೇನಾ ಕಾಯ್ದೆಯ 107ನೇ ಕಲಂ ಪ್ರಕಾರ ಪ್ರೊವೋಸ್ಟ್ ಮಾರ್ಷಲ್ (ಸೈನ್ಯದೊಳಗಿನ ಪೊಲೀಸ್ ಕೆಲಸಕ್ಕೆ ನೇಮಕವಾದವರು) ದಸ್ತಗಿರಿ ಮಾಡಬಹುದಾದದ್ದು ಆ ಕಾಯ್ದೆಗೆ ಒಳಪಟ್ಟವರನ್ನು. ಅವರೂ ತಾವಾಗಿ ಯಾರಿಗೂ ಶಿಕ್ಷೆ ಕೊಡುವಂತಿಲ್ಲ. ಆದ್ದರಿಂದ ನಾನು ‘ಸೇನೆಯ ಒಳಪೊಲೀಸ್’ ಎಂದು ಬರೆದು ನೋಡಿದೆ. ಸ್ವಲ್ಪ ಗೂಢಚಾರರ ವಾಸನೆ ಹೊಡೆಯಿತು.

ಅದೇ ಕಲಮಿನಲ್ಲಿ ಇನ್ನೊಂದು ಮುಳ್ಳು. ‘ಆಫೀಸರ್’ ಒಬ್ಬರನ್ನು ಇನ್ನೊಬ್ಬ ಆಫೀಸರ್ ಆದೇಶವಿಲ್ಲದೆ ಹೀಗೆ ಬಂಧಿಸುವಂತಿಲ್ಲ. ‘ಅಧಿಕಾರಿ’ ಎಂದು ಬರೆದರೆ ಕೆಲಸ ಕೆಟ್ಟಿತು. ನಾವು ಎಎಸ್‌ಐಗೂ ಪೊಲೀಸ್ ಅಧಿಕಾರಿ ಎನ್ನುವವರು. ಸೇನೆಯಲ್ಲಿ ಜವಾನರಿಗಿಂತ ಮೇಲಿನ ದರ್ಜೆಯ ಸುಬೇದಾರ್ ಮೇಜರ್ ಕೂಡ ಈ ಅರ್ಥದಲ್ಲಿ ಆಫೀಸರ್ ಅಲ್ಲ. ‘ಕಮಿಷನ್ಡ್ ಅಧಿಕಾರಿ’ ಎಂದು ಬರೆದು ಮುಂದೆ ಸಾಗಿದ್ದೇನೆ.

ಸೇನೆಯಲ್ಲಿ ಇದ್ದು ಬಂದವರು ನಮ್ಮಲ್ಲಿದ್ದರೆ ಹೇಳಿ: ಕನ್ನಡದ ಜವಾನರು ತಮ್ಮತಮ್ಮಲ್ಲಿ ಮಾತಾಡುವಾಗ ಈ ಪೊಲೀಸರನ್ನು ‘ಎಂಪಿ’ ಎಂದಷ್ಟೇ ಕರೆಯುತ್ತಾರೋ, ಬೇರೆ ಹೆಸರಿದೆಯೋ? ಹಾಗೆಯೇ ಠಾಣೆ, ಕೋರ್ಟಿನ ಬರವಣಿಗೆ ಬಲ್ಲವರು, 308ರ ದೋಷಾರೋಪ ಪಟ್ಟಿಯಲ್ಲಿ ಯಾವ ಕ್ರಿಯಾಪದ ಬರೆಯುತ್ತಾರೆಂದು ತಿಳಿಸಿದರೆ ‘ವಸೂಲಿ’ಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿರ್ಧರಿಸುತ್ತೇನೆ.