ಆಕ್ಸಿಮೀಟರ್ 96 ತೋರಿಸುತ್ತದೆ, ಆದರೂ ನಿದ್ದೆ ಪರೀಕ್ಷೆ ಬೇಕಾ?

ನಿದ್ದೆಗೆಟ್ಟ ಅಮ್ಮ:

ಮಗನಿಗೆ 12 ವರ್ಷ. ಡ್ಯುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಮೈಯ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುವ ಕಾಯಿಲೆ. ನಡಿಗೆ ನಿಂತು ಎರಡು ವರ್ಷ ಆಯಿತು. ಹಗಲು ಚೆನ್ನಾಗಿಯೇ ಇರುತ್ತಾನೆ, ನನ್ನ ಚಿಂತೆ ರಾತ್ರಿಯದು.

"ಅಮ್ಮಾ, ಮಗ್ಗುಲು" ಅಂತ ಕರೆಯುತ್ತಾನೆ. ಎದ್ದು ಹೊರಳಿಸಿ ಮಲಗುತ್ತೇನೆ. ಮೊದಲು ರಾತ್ರಿಗೆ ಎರಡು ಸಲ ಇತ್ತು. ನಿನ್ನೆ ಎಣಿಸಿದೆ, ಒಂಬತ್ತು. ಸಿಟ್ಟೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ತಲೆನೋವು ಅನ್ನುತ್ತಾನೆ, ತಿಂಡಿ ಮುಟ್ಟುವುದಿಲ್ಲ. ಹತ್ತು ಗಂಟೆ ಹೊತ್ತಿಗೆ ಎಲ್ಲಾ ಸರಿ. ಶಾಲೆ ತಪ್ಪಿಸೋಕೆ ನೆಪ ಅಂದುಕೊಂಡಿದ್ದೆ. ಭಾನುವಾರವೂ ಅದೇ ಕಥೆ.

ಊದುವ ಪರೀಕ್ಷೆಯಲ್ಲಿ ಎಫ್‌ವಿಸಿ, ಅಂದರೆ ಪೂರ್ತಿ ಉಸಿರೆಳೆದು ಊದಿದಾಗ ಹೊರಬರುವ ಗಾಳಿ, ಹೋದ ವರ್ಷ ಇರಬೇಕಾದ್ದರ ಶೇ. 61 ಇತ್ತು, ಈ ಸಲ 47. ಒಂದೇ ವರ್ಷದಲ್ಲಿ ಇಷ್ಟೊಂದು ಇಳಿಯುತ್ತದಾ? ರಾತ್ರಿಯಿಡೀ ಮಲಗಿಸಿ ಮಾಡುವ ನಿದ್ದೆ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ಬೆರಳಿನ ಆಕ್ಸಿಮೀಟರ್ ಯಾವಾಗ ನೋಡಿದರೂ 96. ನೆಂಟರೊಬ್ಬರು "ಸುಮ್ನೆ ಮನೆಗೇ ಆಕ್ಸಿಜನ್ ಮಷಿನ್ ತಂದುಬಿಡಿ" ಅನ್ನುತ್ತಿದ್ದಾರೆ. ಏನು ಮಾಡಲಿ?

ಹದಿನೇಳರ ಅಪ್ಪ:

ಮೊದಲು ಒಂದು ಮಾತು ಅಕ್ಕ. ಅವನು ಕರೆಯುವುದು ಹಟಕ್ಕಲ್ಲ. ನಮ್ಮವನೂ ಹೀಗೇ ಮಾಡುತ್ತಿದ್ದ. ಹಾಸಿಗೆ ಸರಿಯಿಲ್ಲ ಅಂತ ನಾನು ಹಾಸಿಗೆ ಬದಲಾಯಿಸಿದೆ, ದಿಂಬು ಬದಲಾಯಿಸಿದೆ. ಉಸಿರು ಸಾಲದೆ ಎಚ್ಚರವಾಗುತ್ತಿತ್ತು ಅಂತ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು. ಅವನಿಗೂ ಗೊತ್ತಿರಲಿಲ್ಲ. ಎಚ್ಚರವಾಗುತ್ತದೆ, ಮೈ ಬೆವೆತಿರುತ್ತದೆ, ಎಲ್ಲೋ ಒತ್ತುತ್ತಿದೆ ಅನಿಸುತ್ತದೆ, ಮಗ್ಗುಲು ಕೇಳುತ್ತಾನೆ. ಅಷ್ಟೇ.

ನಮಗೆ ಡಾಕ್ಟರ್ ಹೇಳಿದ್ದು ಹೀಗೆ. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ಆಗ ಉಸಿರಾಟದ ಭಾರವೆಲ್ಲ ವಪೆಯ ಮೇಲೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಿನ ಮೇಲೆ. ಆ ವಪೆಯೇ ಸೋತಿದ್ದರೆ? ಅದಕ್ಕೇ ಹಗಲು ಆರಾಮಾಗಿರುವ ಮಗುವಿಗೂ ಮೊದಲು ರಾತ್ರಿಯೇ ಕೆಡುತ್ತದೆ. ಪರೀಕ್ಷೆ ಮಾಡಿಸಿ, ಮುಂದೂಡಬೇಡಿ.

ಊದಿಸುವವಳು:

ನಾನು ಶ್ವಾಸಕೋಶ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೇನೆ. ದಿನವಿಡೀ ಮಕ್ಕಳಿಗೆ "ಊದು ಊದು ಊದು, ಇನ್ನೂ ಊದು" ಅಂತ ಕೂಗುವುದೇ ಕೆಲಸ.

ಆಕ್ಸಿಜನ್ ಮಷಿನ್ ವಿಷಯ ಮೊದಲು. ಡಾಕ್ಟರನ್ನು ಕೇಳದೆ ತರಲೇಬೇಡಿ. ಇಲ್ಲಿ ಶ್ವಾಸಕೋಶ ಕೆಟ್ಟಿಲ್ಲ, ಗಾಳಿ ಎಳೆದು ಬಿಡುವ ಸ್ನಾಯುಗಳಿಗೆ ಬಲ ಸಾಲುತ್ತಿಲ್ಲ. ಒಳಗೆ ಕಾರ್ಬನ್ ಡೈಆಕ್ಸೈಡ್ ಉಳಿದುಬಿಡುತ್ತದೆ. ಬೆಳಗಿನ ತಲೆನೋವು ಬಹಳ ಸಲ ಅದರದ್ದೇ. ಬರೀ ಆಕ್ಸಿಜನ್ ಕೊಟ್ಟರೆ ಮೀಟರಿನಲ್ಲಿ ಅಂಕಿ ಚೆಂದ ಕಾಣುತ್ತದೆ, ಕಾರ್ಬನ್ ಡೈಆಕ್ಸೈಡ್ ಮಾತ್ರ ಏರುತ್ತಲೇ ಹೋಗಬಹುದು. ನಿಮ್ಮ ಆಕ್ಸಿಮೀಟರಿಗೆ ಅದು ಕಾಣುವುದೇ ಇಲ್ಲ. ಅದೂ ಎದ್ದಮೇಲೆ ನೋಡಿದ 96, ರಾತ್ರಿ ಮೂರು ಗಂಟೆಯದಲ್ಲ. ಪರೀಕ್ಷೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕೂಡ ಅಳೆಯುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಮಕ್ಕಳಲ್ಲಿ ನಿದ್ದೆಯ ಕಾಲು ಭಾಗಕ್ಕಿಂತ ಜಾಸ್ತಿ ಹೊತ್ತು ಅದು ಪಾದರಸದ ಅಳತೆಯಲ್ಲಿ 50 ಎಂಎಂ ದಾಟಿದ್ದರೆ ಉಸಿರಾಟ ಸಾಲುತ್ತಿಲ್ಲ ಅಂತ ಲೆಕ್ಕ.

ಇನ್ನು 61 ಮತ್ತು 47. ಆ ಶೇಕಡಾ ಬರುವುದು ಎತ್ತರದ ಲೆಕ್ಕದಿಂದ. ನಿಲ್ಲಲಾಗದ, ಬೆನ್ನು ಬಾಗಿದ ಮಗುವಿನ ಎತ್ತರ ಹೇಗೆ ಅಳೆದರು? ಕಡಿಮೆ ಎತ್ತರ ಬರೆದರೆ ಶೇಕಡಾ ಸುಳ್ಳೇ ಜಾಸ್ತಿ ಬರುತ್ತದೆ. ಕೈ ಚಾಚಿದ ಅಳತೆಯನ್ನೋ ಮುಂಗೈ ಮೂಳೆಯ ಉದ್ದವನ್ನೋ ತೆಗೆದುಕೊಳ್ಳಬೇಕು. ಎರಡೂ ವರದಿಯಲ್ಲಿ ಲೀಟರ್ ಎಷ್ಟಿದೆ ನೋಡಿ, ಅದನ್ನೇ ಹೋಲಿಸಿ. ಮಲಗಿಸಿಯೂ ಒಮ್ಮೆ ಊದಿಸಲು ಕೇಳಿ. ಕೂತಾಗಿನದಕ್ಕಿಂತ ತುಂಬಾ ಇಳಿದರೆ ವಪೆ ಸೋತಿದೆ ಅಂತ.

ಕೆಮ್ಮಿನ ಬಲವನ್ನೂ ಅಳೆಸಿ. ನಿಮಿಷಕ್ಕೆ 270 ಲೀಟರಿಗಿಂತ ಕೆಳಗಿದ್ದರೆ ಶೀತ ಆದಾಗ ಕಫ ತೆಗೆಯಲು ಕೆಮ್ಮಿಸುವ ಮಷಿನ್ ಬೇಕಾಗಬಹುದು. ಸಾಮಾನ್ಯ ನೆಗಡಿಯೇ ಈ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವುದು.

ಮಾಸ್ಕ್ ಹುಡುಗ:

ನನಗೆ 24. ಇದೇ ಕಾಯಿಲೆ. 14ರಿಂದ ರಾತ್ರಿ ಬೈಪ್ಯಾಪ್ ಹಾಕುತ್ತೇನೆ, ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಮಷಿನ್. ಮೊದಲ ವಾರ ಅಮ್ಮನ ಜೊತೆ ಜಗಳವೋ ಜಗಳ. ಆಮೇಲೆ ಒಂದು ದಿನ ಬೆಳಿಗ್ಗೆ ಎದ್ದ ಕೂಡಲೇ ಹಸಿವಾಯಿತು. ನನಗೇ ಆಶ್ಚರ್ಯ. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಹಾಕಿ ಅಭ್ಯಾಸ ಮಾಡಿಸಿ. ಮತ್ತೆ ಅವನ ಎದುರಿಗೇ ಅವನ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡುವಾಗ ಅವನನ್ನೂ ಒಂದು ಮಾತು ಕೇಳಿ. ನನ್ನನ್ನು ಯಾರೂ ಕೇಳಿರಲಿಲ್ಲ.

ನಿದ್ದೆಗೆಟ್ಟ ಅಮ್ಮ:

ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ಪರೀಕ್ಷೆ ಆಯಿತು. ತಲೆ ತುಂಬಾ ವೈರ್ ಅಂಟಿಸಿದ್ದು ನೋಡಿ "ಚಾರ್ಜ್‌ಗೆ ಹಾಕಿದಾರಾ ನನ್ನ" ಅಂದ. ನಿದ್ದೆಯ ಶೇ. 40 ಹೊತ್ತು ಕಾರ್ಬನ್ ಡೈಆಕ್ಸೈಡ್ 50ರ ಮೇಲೆ. ನೀವು ಹೇಳಿದಂತೆ ಹಳೇ ವರದಿ ತೆಗೆದು ನೋಡಿದೆ. ಲೀಟರಿನಲ್ಲಿ ಇಳಿದಿದ್ದು ಸ್ವಲ್ಪವೇ. ಹೋದ ವರ್ಷ ಗಾಲಿಕುರ್ಚಿಯಲ್ಲೇ ಕೂರಿಸಿ ಅಂದಾಜಿನಲ್ಲಿ ಎತ್ತರ ಬರೆದಿದ್ದರು.

ಬೈಪ್ಯಾಪ್ ಬಂದು ಹನ್ನೆರಡು ದಿನ. ಮೂಗಿನ ಮೇಲೆ ಕೆಂಪು ಗೆರೆ ಬಿದ್ದಿತ್ತು, ಪಟ್ಟಿ ತುಂಬಾ ಬಿಗಿದಿದ್ದೆ ಅಂತ ಕಾಣುತ್ತದೆ. ಸಡಿಲಿಸಿದ ಮೇಲೆ ವಾಸಿ. ಮೊನ್ನೆ ಎರಡೇ ಸಲ ಕರೆದ. ನನಗೆ ಮಾತ್ರ ಹಳೇ ಹೊತ್ತಿಗೆಲ್ಲ ಎಚ್ಚರ. ಈಗ ಹೊಸ ತೊಂದರೆ: ಮಾಸ್ಕ್ ಒಳಗಿಂದ "ಮಗ್ಗುಲು" ಅಂದರೆ ಮಷಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಹದಿನೇಳರ ಅಪ್ಪ:

ಬಾಗಿಲಿಗೆ ಹಾಕುವ ವೈರ್‌ಲೆಸ್ ಬೆಲ್ ತನ್ನಿ. ಬಟನ್ ಅವನ ಹೆಬ್ಬೆರಳಿನ ಕೆಳಗೆ ಬರುವಂತೆ ಟೇಪ್ ಹಾಕಿ, ಬೆಲ್ ನಿಮ್ಮ ದಿಂಬಿನ ಹತ್ತಿರ ಇಟ್ಟುಕೊಳ್ಳಿ. ಹೊರಳಿಸಿದಾಗಲೆಲ್ಲ ಬಟನ್ ಬೆರಳಿಗೆ ಸಿಗುತ್ತದಾ ಅಂತ ಅವನಿಂದಲೇ ಒಂದು ಸಲ ಒತ್ತಿಸಿ ನೋಡಿ, ಆಮೇಲೆ ಮಲಗಿ.