ಎಮ್ಮೆ ಪಾಸಾದವನ ಟಿಕ್ ಮಾರ್ಕು

ಮೊನ್ನಿ ಸಂಜಿಮುಂದ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಸುಸಲಾ ಮಿರ್ಚಿ ಹೇಳಿ ಕುಂತಿದ್ವಿ, ನಾನು, ಬಸ್ಯಾ, ಶರಣ್ಯಾ, ಜೊತಿಗಿ ನಮ್ಮ ಕಿರಾಣಿ ಕಾಕಾ. ಬಸ್ಯಾ ಬೆಂಗಳೂರಿಂದ ಬಂದಾನ, ಬಂದವ್ನೇ ಪಾಕೀಟಿಂದ ವೋಟರ್ ಕಾರ್ಡ್ ತೆಗ್ದು ಟೇಬಲ್ ಮ್ಯಾಲ ಬಡ್ದ.

"ಕಾರ್ಡ್ ಅದ, ನನ್ನ ವೋಟು ಯಾರ್ ತಡೀತಾರ ನೋಡ್ತೀನಿ."

ಕಾಕಾ ಮಿರ್ಚಿ ಮುರೀತಾ, "ತಮ್ಮಾ, ರೇಷನ್ ಕಾರ್ಡ್ ಇದ್ರೂ ಹೆಬ್ಬಟ್ಟು ಬೀಳಲಿಲ್ಲಂದ್ರ ಅಕ್ಕಿ ಕೊಡ್ತಾರೇನು? ಲಿಸ್ಟ್‌ನ್ಯಾಗ ಹೆಸರು ಇರ್ಬೇಕು. ಹೆಸರು ಇದ್ರ ಈ ಕಾರ್ಡ್ ಮನ್ಯಾಗ ಮರ್ತು ಬಂದ್ರೂ ನಡೀತದ, ಆಧಾರ್, ಪಾನ್ ಕಾರ್ಡ್, ಫೋಟೊ ಇರೋ ಬ್ಯಾಂಕ್ ಪಾಸ್‌ಬುಕ್ ತೋರ್ಸಿದ್ರಾಯ್ತು" ಅಂದ.

"ಹೆಸರೇನು ಕಾಕಾ, ಎರಡು ಕಡಿ ಅದ. ಊರಾಗೊಂದು, ಬೆಂಗಳೂರಾಗೊಂದು."

ನಾವೆಲ್ಲಾ ಸುಮ್ನಾದ್ವಿ. ಎರಡು ಮನಿ ಮಾಡ್ಕೊಂಡವ್ನ ಹಂಗ ನಗಲತ್ತಿದ್ದ ಮಗಾ.

"ಲೇ, ಒಂದೇ ಕಡಿ ಇರ್ಬೇಕಲೇ ಅದು" ಅಂದೆ ನಾ, "ಬೆಂಗಳೂರಾಗ ಹೊಸ ವೋಟರ್ ಅಂತ ಫಾರ್ಮ್ 6 ತುಂಬಿದ್ದಿ ಹೌದಿಲ್ಲೊ? ಅದ್ರಾಗ ಮತ್ತೆಲ್ಲೂ ನನ್ನ ಹೆಸರಿಲ್ಲ ಅಂತ ಸಹಿ ಹಾಕಿರ್ತಿ, ಸುಳ್ಳಂತ ಸಿಕ್ರ ಒಂದು ವರ್ಷ ತನಕ ಜೈಲದ. ಊರು ಬದಲಾದವ್ರು ಫಾರ್ಮ್ 8 ಕೊಡ್ಬೇಕು. ಈಗರ ಫಾರ್ಮ್ 7 ಕೊಟ್ಟು ಒಂದು ತೆಗ್ಸು."

"ಆರು, ಏಳು, ಎಂಟು... ಇದೇನ್ ಮಗ್ಗಿಯೇನೋ" ಅಂತ ಬಸ್ಯಾ ಕಾರ್ಡ್ ಮೆಲ್ಲಕ ಕಿಸೆದಾಗ ಇಟ್ಕೊಂಡ. ಜೈಲು ಅಂದಮ್ಯಾಲ ಮಿರ್ಚಿ ಖಾರ ಹತ್ತಿತು ಅಂತ ಕಾಣ್ತದ, ಎರಡು ಗ್ಲಾಸ್ ನೀರು ಕುಡ್ದ.

ಅಷ್ಟರಾಗ ಕಾಕಾ ಶರಣ್ಯಾನ ಕಡಿ ತಿರುಗಿ, "ಪದವೀಧರರಿಗಿ ಬ್ಯಾರೇನೇ ವೋಟು ಇರ್ತದಂತಲ್ಲ, ಹಾಕಿದ್ದೇನಪಾ ಎಮ್ಮೆ ಪಾಸಾದವ್ನೇ?" ಅಂದ. ಶರಣ್ಯಾ ಎಂ.ಎ., ಗೆಸ್ಟ್ ಲೆಕ್ಚರರ್, ಕಾಕಾ ಅದನ್ನ ಯಾವಾಗ್ಲೂ ಎಮ್ಮೆ ಅಂತೇ ಅಂತಾನ.

ಶರಣ್ಯಾ ಎದಿ ಉಬ್ಬಿಸಿ ಹೇಳ್ದ. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರ, 2024ರ ಜೂನ್ 3. ಆ ಲಿಸ್ಟು ಪ್ರತಿ ಸಲ ಹೊಸದಾಗೇ ಮಾಡ್ತಾರ, ಹಳೇದು ನಡೆಯಂಗಿಲ್ಲ. ಡಿಗ್ರಿ ಮುಗ್ದು ಮೂರು ವರ್ಷ ಆಗಿರ್ಬೇಕು, ಘಟಿಕೋತ್ಸವದ ಫೋಟೊ ಇನ್ನಾ ಹಸಿ ಇದ್ದವ್ರಿಗಿಲ್ಲ. ಫಾರ್ಮ್ 18 ತುಂಬಿ, ಸರ್ಟಿಫಿಕೇಟ್ ಝೆರಾಕ್ಸ್ ಹಚ್ಚಿ, ಇಷ್ಟೆಲ್ಲಾ ಮಾಡಿ ಹೋದ್ರ ಅಲ್ಲಿ ಮಷಿನ್ನೇ ಇಲ್ಲ, ಕೈಯಾಗ ಪೇಪರ್ ಕೊಟ್ರು, ನೇರಳೆ ಸ್ಕೆಚ್ ಪೆನ್ ಒಂದಿತ್ತು.

"ಮತ್ತ ಏನ್ ಬರ್ದಿ?"

"ಬರ್ಯಾದೇನು, ನಮ್ಮವನ ಮುಂದ ಛಂದಂಗ ಟಿಕ್ ಹೊಡ್ದೆ. ಉಳಿದವ್ರ ಮುಂದ ಇಂಟು. ಕೆಳಗ ಸಹಿ."

ನನ್ನ ಬಾಯಾಗಿನ ಸುಸಲಾ ಹೊರಗ ಬಂತು. ಹುಡುಗುರ್ ಪೇಪರ್ ತಿದ್ದಿ ತಿದ್ದಿ ಕೈ ರೂಢಿ ಬಿದ್ದದ ಪಾಪ, ವೋಟಿನ ಪೇಪರೂ ತಿದ್ದಿ ಬಂದಾನ!

"ಮಾರ್ಕ್ಸ್ ಹಾಕ್ಲಿಲ್ಲೇನೋ?" ಅಂದ ಬಸ್ಯಾ.

"ಅದೊಂದು ಹಾಕಿದ್ರ ನಡೀತಿತ್ತಲ್ಲೋ ಮಾರಾಯಾ!" ಅಂದೆ ನಾ. ಅಲ್ಲಿ ಯಾರು ಮೊದಲ ಬೇಕು, ಯಾರು ಆಮ್ಯಾಲ ಅಂತ ಹೆಸರಿನ ಮುಂದ ಅಂಕಿನೇ ಬರೀಬೇಕು, 1, 2, 3. ಕನ್ನಡದ ೧ ಬರದ್ರೂ ಆಗ್ತದ, 'ಒಂದು' ಅಂತ ಅಕ್ಷರದಾಗ ಬರದ್ರ ಇಲ್ಲ. 1 ಇಲ್ದ ವೋಟು ಕುಲಗೆಟ್ಟಂಗ, ಸಹಿ ಬಿದ್ರಂತೂ ಮುಗೀತು. ಎರಡು ಮೂರು ಬರೀಲಿಲ್ಲಂದ್ರ ತೊಂದ್ರಿ ಇಲ್ಲ, ಆದ್ರ ಬರದ್ರ ಛಲೋ, ಒಂದನೇದವ ಕಡಿಮಿ ಬಿದ್ದು ಔಟಾದ್ರ ನಿನ್ನ ವೋಟು ಎರಡನೇದವನಿಗಿ ಹೋಗ್ತದ.

ಕಾಕಾ ನಾಕನೇತ್ತಾ ಓದಿದವ. "ನಂದೇ ಛಲೋ ಬಿಡ್ರೋ, ಗುಂಡಿ ಒತ್ತು, ಕುಂಯ್ ಅಂತದ, ಚೀಟಿ ಏಳು ಸೆಕೆಂಡ್ ಗಾಜಿನಾಗ ಮಾರಿ ತೋರ್ಸ್ತದ, ಮನಿಗಿ ಬಾ" ಅಂದ. ಶರಣ್ಯಾ ಮಾತೇ ಆಡ್ಲಿಲ್ಲ, ಮುಂದಿನ ಸಲ ಅಂದ್ರ 2030.

ಬಿಲ್ಲು ಬಂತು. ಯಾರು ಕೊಡ್ಬೇಕು ಅಂತ ಕಾಕಾ ಅದ್ರ ಹಿಂದ ಬರ್ದ: ಶರಣ್ಯಾ 1, ಬಸ್ಯಾ 2. ಶರಣ್ಯಾ ಕಿಸೆ ತಡವಿದ, ಗೆಸ್ಟ್ ಲೆಕ್ಚರರ್ ಪಗಾರ ಇನ್ನಾ ಬಂದಿಲ್ಲಂತ. ಒಂದನೇದವ ಔಟಾದ. ಬಸ್ಯಾ ಗೊಣಗ್ಕೋತ ಫೋನ್ ತೆಗ್ದು ಸ್ಕ್ಯಾನ್ ಮಾಡ್ದ.