‘ಅಂಚು ಹಣ’ ಯಾರು ಕೊಡುವ ಹಣ?

ಬಲ್ಲವರೆಲ್ಲರಿಗೂ ನಮಸ್ಕಾರ.

ಕಸುಬುದಾರರಿಗೂ ಸಣ್ಣ ಉದ್ದಿಮೆ ಹೂಡುವವರಿಗೂ ಸರ್ಕಾರ ಕೊಡುವ ನೆರವಿನ ಕಾಗದಪತ್ರಗಳಲ್ಲಿ ಕಾಣುವ ‘ಅಂಚು ಹಣ’ ಎಂಬ ಪದದ ಬಗ್ಗೆ ನನಗೊಂದು ಸಂದೇಹವಿದೆ. ‘ಮಾರ್ಜಿನ್ ಮನಿ’ ಎಂಬುದನ್ನು ಪದಕ್ಕೆ ಪದ ಇಟ್ಟು ಕನ್ನಡಿಸಿದ್ದಾರೆಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ. ಆದರೆ ಆ ಹಣ ಯಾರು ಯಾರಿಗೆ ಕೊಡುವುದು ಎಂಬುದು ಮಾತ್ರ ಪದದಿಂದ ಹೊಳೆಯುವುದಿಲ್ಲ.

ನಮ್ಮ ನೆರೆಯಲ್ಲಿ ಬುಟ್ಟಿ, ಮೊರ ಹೆಣೆಯುವ ಹೆಣ್ಣುಮಗಳೊಬ್ಬರು ಬಿದಿರಿನ ಪೀಠೋಪಕರಣದ ಹೊಸ ಘಟಕ ತೆರೆಯಬೇಕೆಂದು ಮಾಹಿತಿಯ ಹಾಳೆ ತಂದು ನನ್ನಿಂದ ಓದಿಸಿಕೊಂಡರು. ನಾನು ಓದುತ್ತಿದ್ದಾಗ ಅವರು ನೆನೆಸಿದ ಬಿದಿರಿನ ಸೀಳನ್ನು ಬಗ್ಗಿಸಿ ಮೊರಕ್ಕೆ ಅಂಚು ಕಟ್ಟುತ್ತಿದ್ದರು. ಆ ಪದ ಬಂದೊಡನೆ ಕೈ ನಿಲ್ಲಿಸಿ, “ಅಂಚು ಹಣ ಅಂದ್ರೆ ನಾವು ಕಟ್ಟಬೇಕಾದ್ದಾ ಮೇಷ್ಟ್ರೇ, ಅವರು ಕೊಡೋದಾ?” ಎಂದು ಕೇಳಿದರು. ನನಗೆ ಒಡನೆ ಉತ್ತರ ಹೇಳಲಾಗಲಿಲ್ಲ.

ಬ್ಯಾಂಕಿನವರ ಮಾತಿನಲ್ಲಿ ಮಾರ್ಜಿನ್ ಎಂದರೆ ಸಾಲ ಪಡೆಯುವವರು ಸ್ವಂತವಾಗಿ ಹಾಕಬೇಕಾದ ಪಾಲು. ಆದರೆ 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಅದೇ ಪದ ಸರ್ಕಾರದ ಸಹಾಯಧನಕ್ಕೆ ಸಲ್ಲುತ್ತದೆ, ಫಲಾನುಭವಿಯ ಪಾಲಿಗೆ ‘ಸ್ವಂತ ವಂತಿಗೆ’ ಎಂಬ ಬೇರೆ ಹೆಸರಿದೆ. ಹಳ್ಳಿಯಲ್ಲಿ ಮಹಿಳೆಯೊಬ್ಬರು ಈ ಯೋಜನೆಯಡಿ 2 ಲಕ್ಷ ರೂಪಾಯಿಯ ಘಟಕ ಹೂಡಿದರೆ, ಶೇ. 5ರಂತೆ 10,000 ರೂಪಾಯಿ ಅವರದು, ಉಳಿದ 1,90,000 ರೂಪಾಯಿ ಬ್ಯಾಂಕಿನ ಸಾಲ, ಮುಂದೆ ಆ ಸಾಲಕ್ಕೇ ಸಲ್ಲುವ ಸರ್ಕಾರದ ನೆರವು ಒಟ್ಟು ವೆಚ್ಚದ ಶೇ. 35ರಂತೆ 70,000 ರೂಪಾಯಿ. ಬ್ಯಾಂಕಿನ ಅರ್ಥ ಹಿಡಿದರೆ ಇಲ್ಲಿ ಅಂಚು ಹಣ 10,000, ಯೋಜನೆಯ ಅರ್ಥ ಹಿಡಿದರೆ 70,000. ಒಂದು ಅವರು ಹೊಂದಿಸಬೇಕಾದದ್ದು, ಇನ್ನೊಂದು ಅವರಿಗೆ ಸಲ್ಲುವಂಥದ್ದು. ಇದು ಸಾಲದೆಂಬಂತೆ, ಸ್ವಂತ ಪಾಲನ್ನು ಹೊಂದಿಸಲಾಗದವರಿಗೆ ಅಭಿವೃದ್ಧಿ ನಿಗಮಗಳು ಕಡಿಮೆ ಬಡ್ಡಿಗೆ ಕೊಡುವ ಸಾಲಕ್ಕೂ ಈ ಹೆಸರೇ ಇದೆ. ಆ ಅರ್ಥಕ್ಕೆ ‘ಬೀಜಧನ’ ಎಂಬುದು ಬಳಕೆಯಲ್ಲಿದ್ದು, ಬಿತ್ತನೆಗೆ ಬೀಜ ಕಡ ತಂದ ಅನುಭವವಿರುವ ಜನಕ್ಕೆ ಅದು ವಿವರಣೆಯಿಲ್ಲದೆ ತಿಳಿಯುತ್ತದೆಂದು ನನ್ನ ಅನಿಸಿಕೆ.

ಕನ್ನಡದ ‘ಅಂಚು’ ಸೀರೆಗೆ, ಬಾವಿಗೆ, ಪುಟಕ್ಕೆ, ಮೊರಕ್ಕೆ ಇರುವಂಥದ್ದು. ವಹಿವಾಟಿನಲ್ಲಿ ‘ಒಬ್ಬರು ವಹಿಸಬೇಕಾದ ಪಾಲು’ ಎಂಬ ಅರ್ಥ ಅದಕ್ಕೆ ಬಂದುದನ್ನು ನಾನು ಕಂಡಿಲ್ಲ.

ಹಾಗೆಂದು ಯೋಜನೆಯ ಅರ್ಥಕ್ಕೆ ಬರಿಯ ‘ಸಹಾಯಧನ’ ಎಂದರೂ ಪೂರ್ತಿ ಹೊಂದುವುದಿಲ್ಲ. ಸಹಾಯಧನ ಬಂತೆಂದರೆ ದುಡ್ಡು ಕೈಗೆ ಬಂತೆಂದೇ ಜನ ತಿಳಿಯುತ್ತಾರೆ. ಇಲ್ಲಿಯಾದರೋ ಆ 70,000 ರೂಪಾಯಿ ಅವರ ಹೆಸರಿನಲ್ಲಿ 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದೂ ಇಲ್ಲ. ಅವಧಿ ತುಂಬಿ, ಘಟಕ ನಡೆಯುತ್ತಿದೆಯೆಂದು ಪರಿಶೀಲನೆಯಾದ ಮೇಲೆ ಅದನ್ನು ‘ಸಾಲಕ್ಕೆ ಹೊಂದಾಣಿಕೆ’ ಮಾಡುತ್ತಾರೆ. ಈ ‘ಹೊಂದಾಣಿಕೆ’ಯೂ ಆ ಹೆಣ್ಣುಮಗಳಿಗೆ ಅರ್ಥವಾಗಲಿಲ್ಲ, “ಸಾಲಕ್ಕೆ ಮುರಿದುಕೊಳ್ಳುತ್ತಾರೆ” ಎಂದಾಗ ಥಟ್ಟನೆ ಅರ್ಥವಾಯಿತು. ಮುಂಗಡ ಕೊಟ್ಟ ವ್ಯಾಪಾರಿ ಬುಟ್ಟಿಯ ಲೆಕ್ಕದಲ್ಲಿ ಮುರಿದುಕೊಳ್ಳುವುದನ್ನು ಅವರು ಎಷ್ಟೋ ಸಲ ಕಂಡಿದ್ದಾರೆ. (‘ವಜಾ ಹಾಕು’ ಎಂಬ ಮಾತೂ ಇದೆ, ಆದರೆ ಅರ್ಜಿದಾರರ ಎದುರು ‘ವಜಾ’ ಎಂದರೆ ಅರ್ಜಿಯೇ ಬಿದ್ದುಹೋಯಿತೆಂದು ಹೆದರಿಯಾರು.)

ಆದ್ದರಿಂದ ಸಾಲ ಪಡೆಯುವವರ ಪಾಲಿಗೆ ‘ಸ್ವಂತ ಪಾಲು’ ಅಥವಾ ‘ಕೈಹಣ’, ನಿಗಮ ಕೊಡುವ ಸಾಲಕ್ಕೆ ‘ಬೀಜಧನ’, ಸರ್ಕಾರದ ನೆರವಿಗೆ ‘ಠೇವಣಿ ಸಹಾಯಧನ’ ಎಂದು ಬೇರೆಬೇರೆಯಾಗಿ ಬಳಸಬಹುದೇ ಎಂದು ಯೋಚಿಸುತ್ತಿದ್ದೇನೆ. ಇವುಗಳಲ್ಲಿ ಕೊನೆಯದು ನಾನೇ ಕಟ್ಟಿದ್ದು. ಅದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ‘ಕೈಹಣ’ ಎಂದರೆ ಕೈಯಲ್ಲಿರುವ ನಗದು ಎಂಬ ಅರ್ಥವೂ ಬಂದೀತು.

ನಿಮ್ಮ ಕಡೆಯ ಸಹಕಾರ ಸಂಘಗಳಲ್ಲಿ, ನೇಕಾರರ ಅಥವಾ ಬಡಗಿಗಳ ನಡುವೆ, ಸಾಲದ ಜೊತೆಗೆ ತಾವೇ ಹಾಕಬೇಕಾದ ಹಣಕ್ಕೆ ಯಾವ ಮಾತು ರೂಢಿಯಲ್ಲಿದೆ? ‘ಅಂಚು ಹಣ’ವನ್ನು ಆ ಅರ್ಥದಲ್ಲಿ ಬಾಯಿಮಾತಿನಲ್ಲಿ ಯಾರಾದರೂ ಆಡಿದ್ದನ್ನು ಕೇಳಿದ್ದೀರಾ?